ಬೀಗರು ಬಂದ ದಿನ ಬಿಚ್ಚಿದ ಲಿಂಕಿನ ಬಗ್ಗೆ

ಹೆಸರು ಗಂಗೋತ್ರಿ, ತಂದೆ ಜಂಬಣ್ಣ, ವಯಸ್ಸು 33 ವರ್ಷ, ಉದ್ಯೋಗ ವಿದ್ಯುತ್ ವಿಭಾಗದ ಶಿಫ್ಟ್ ಇಂಜಿನಿಯರ್, ಸ್ವಂತ ಊರು ಸಿರುಗುಪ್ಪ, ಹಾಲಿ ವಾಸ ಕಂಟೋನ್ಮೆಂಟ್, ಬಳ್ಳಾರಿ. ಜಾತಿ ಎಂಬಲ್ಲಿ ಏನು ಬರೆಯಬೇಕೆಂದು ಕೇಳಿದ್ದಕ್ಕೆ ಗೆರೆ ಎಳೆಯಿರಿ ಎಂದಿದ್ದೇನೆ. ಟ್ರಾನ್ಸ್‌ಫಾರ್ಮರ್ ಸಿಡಿದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಯಾರೂ ಕರೆಯದೆ, ನಾನಾಗಿಯೇ ಕುರುಗೋಡು ಠಾಣೆಗೆ ಬಂದು, ಈ ಮೂಲಕ ತಿಳಿಸುವುದೇನೆಂದರೆ:

ಕುರುಗೋಡಿನಿಂದ ಸಿರುಗುಪ್ಪ ಕಡೆಗೆ ಹೋಗುವ ರಸ್ತೆಯಲ್ಲಿ ಆರು ಕಿಲೋಮೀಟರ್ ದೂರಕ್ಕೆ, ಕಾಲುವೆಯ ಮಗ್ಗುಲಲ್ಲಿ, ದೊಡ್ಡಬಸವರಾಜ ಎಂಬುವವರಿಗೆ ಸೇರಿದ ರೈಸ್ ಮಿಲ್ಲು ಇದೆ. ಮಿಲ್ಲಿನ ಹಿಂಭಾಗದಲ್ಲಿ ಭತ್ತದ ಹೊಟ್ಟು ಸುಟ್ಟು, ಉಗಿ ಮಾಡಿ, ಕರೆಂಟು ತೆಗೆಯುವ ಘಟಕವಿದೆ. ನಾನು ಅಲ್ಲಿ ಏಳು ವರ್ಷದಿಂದ ಕೆಲಸದಲ್ಲಿದ್ದೇನೆ. ಘಟಕದ ಮ್ಯಾನೇಜರ್ ಸಿದ್ದಲಿಂಗೇಶ್. ಕಂಟ್ರೋಲ್ ರೂಮಿನ ಆಪರೇಟರ್ ತಿಪ್ಪೇಶ, ಈಗ ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡೂ ಕೈ, ಎದೆ ಸುಟ್ಟುಕೊಂಡು ಮಲಗಿದ್ದಾನೆ. ಮಲಗಿದವನ ಮೇಲೆಯೇ ಕಂಪನಿಯವರು ದೂರು ಕೊಟ್ಟಿದ್ದಾರೆ. ಆತನ ಅಜಾಗರೂಕತೆಯಿಂದ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಆತ ಪ್ಯಾನೆಲ್ ಬಿಟ್ಟು ಓಡಿದ ಎಂದು ಅದರಲ್ಲಿ ಬರೆದಿದ್ದಾರೆ. ಅದು ಸುಳ್ಳು. ಆ ಸುಳ್ಳನ್ನು ಬಿಡಿಸಿ ಹೇಳಲು ಬಂದಿದ್ದೇನೆ. ಮೊದಲು ಮಷೀನಿನ ಸಂಗತಿ ಹೇಳುತ್ತೇನೆ. ಅದು ತಿಳಿಯದಿದ್ದರೆ ತಿಪ್ಪೇಶನೇ ತಪ್ಪಿತಸ್ಥನಂತೆ ಕಾಣುತ್ತಾನೆ, ಅವರಿಗೆ ಬೇಕಾಗಿರುವುದೂ ಅದೇ.

ನಮ್ಮ ಜನರೇಟರಿನಲ್ಲಿ ಹನ್ನೊಂದು ಸಾವಿರ ವೋಲ್ಟಿನ ಕರೆಂಟು ಹುಟ್ಟುತ್ತದೆ. ಅಂಗಳದಲ್ಲಿ ತಂತಿಬೇಲಿಯೊಳಗೆ ನಿಂತಿದ್ದ ಟ್ರಾನ್ಸ್‌ಫಾರ್ಮರ್ ಅದನ್ನು ಮೂವತ್ತಮೂರು ಸಾವಿರಕ್ಕೆ ಏರಿಸಿ ಹೊರಗಿನ ಲೈನಿಗೆ ಕೊಡುತ್ತಿತ್ತು. ಗಾಳಿಗೋ ಮಳೆಗೋ ಹೊರಗಿನ ಲೈನು ಕಡಿದರೆ ಮಷೀನಿನ ಮೇಲಿನ ಹೊರೆ ಒಮ್ಮೆಲೇ ತಪ್ಪುತ್ತದೆ. ಹಗ್ಗ ಹರಿದ ಎತ್ತು ಮುಂದಕ್ಕೆ ನುಗ್ಗಿದ ಹಾಗೆ ವೋಲ್ಟೇಜು ಮೇಲಕ್ಕೆ ನುಗ್ಗುತ್ತದೆ. ತಿಂಗಳಿಗೆ ನಾಲ್ಕಾರು ಸಲ ಆಗುವ ಮಾತಿದು, ಯಾರ ತಪ್ಪೂ ಅಲ್ಲ. ಇದಕ್ಕೆಂದೇ ಎರಡು ಏರ್ಪಾಡು ಇವೆ. ಒಂದು, ವೋಲ್ಟೇಜ್ ರೆಗ್ಯುಲೇಟರ್. ಏರಿದ ವೋಲ್ಟೇಜನ್ನು ಅದು ತಾನಾಗಿಯೇ ಹಿಡಿದು ಇಳಿಸುತ್ತದೆ. ಅದು ಸೋತರೆ ಎರಡನೆಯದು ಓವರ್‌ವೋಲ್ಟೇಜ್ ರಿಲೇ. ಅದು ಇಳಿಸುವುದಿಲ್ಲ, ಕತ್ತರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಷೀನನ್ನು ನಿಲ್ಲಿಸಿ ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತದೆ.

ರಿಲೇ ಹೇಳಿದ್ದು, ಕರೆಂಟನ್ನು ಕಡಿಯುವ ಬ್ರೇಕರಿಗೆ ಮುಟ್ಟುವುದು ಪ್ಯಾನೆಲ್ಲಿನ ಮುಖದ ಮೇಲಿರುವ ಒಂದು ಲಿಂಕಿನ ಮೂಲಕ. ಲಿಂಕೆಂದರೆ ಬೆರಳುದ್ದದ ಹಿತ್ತಾಳೆ ಪಟ್ಟಿ, ಅದಕ್ಕೊಂದು ಕರಿ ಗುಂಡಿ. ರಿಲೇ ಪರೀಕ್ಷೆ ಮಾಡುವಾಗ ಮಷೀನು ನಿಲ್ಲದಿರಲಿ ಎಂದು ಅದನ್ನು ಬಿಚ್ಚುತ್ತೇವೆ, ಪರೀಕ್ಷೆ ಮುಗಿದ ಕೂಡಲೇ ಹಾಕುತ್ತೇವೆ. ಲಿಂಕಿಲ್ಲದ ರಿಲೇ ಕೆಂಪು ದೀಪ ಹೊತ್ತಿಸಿ ಕೂಗಬಲ್ಲದು, ಕತ್ತರಿಸಲಾರದು.

ನಮ್ಮ ಕಂಟ್ರೋಲ್ ರೂಮಿನಲ್ಲಿ ಒಂದು ರೂಢಿ ಇದೆ. ಬಾಗಿಲ ಎದುರಿಗೆ ಗೋಡೆಗೂಡಿನಲ್ಲಿ ಬಸವಣ್ಣನ ಪಟ, ಅದರ ಮುಂದೆ ಒಂದು ಹಿತ್ತಾಳೆ ತಾಟು. ಯಾವ ಲಿಂಕನ್ನು ಬಿಚ್ಚಿದರೂ ಅದನ್ನು ಜೇಬಿಗೆ ಹಾಕುವಂತಿಲ್ಲ, ಮೇಜಿನ ಮೇಲೆ ಇಡುವಂತಿಲ್ಲ. ವಿಭೂತಿ ಹಚ್ಚಿ ತಾಟಿನಲ್ಲಿ ಇಡಬೇಕು. ಶಿಫ್ಟಿಗೆ ಬಂದವನು ಮೊದಲು ತಾಟು ನೋಡಬೇಕು, ಆಮೇಲೆ ಕುರ್ಚಿ ಹಿಡಿಯಬೇಕು. ತಾಟಿನಲ್ಲಿ ಲಿಂಕ್ ಇದ್ದರೆ ಯಾವುದೋ ಒಂದು ಕಾವಲು ಮಲಗಿದೆ ಎಂದರ್ಥ, ತಾಟು ಖಾಲಿ ಇದ್ದರೆ ಎಲ್ಲ ಕಾವಲೂ ಎಚ್ಚರವಿದೆ ಎಂದರ್ಥ. ಈ ಪದ್ಧತಿ ಹಾಕಿದವರು ಹಿಂದಿನ ಫೋರ್‌ಮನ್ ವಿರೂಪಾಕ್ಷಿಯವರು, ಈಗ ನಿವೃತ್ತರು. ಪ್ರತಿ ಲಿಂಕಿನ ಕರಿ ಗುಂಡಿಯ ಮೇಲೆ ಬಿಳಿ ಬಣ್ಣದಿಂದ ರಿಲೇಯ ನಂಬರನ್ನು ಅವರೇ ಬರೆದಿದ್ದರು. ಓವರ್‌ವೋಲ್ಟೇಜಿನ ನಂಬರು 59. ಕೈ ಮುಗಿಯದವರು, ಬೇರೆ ದೇವರಿಗೆ ನಡೆದುಕೊಳ್ಳುವವರು, ದೇವರೇ ಬೇಡವೆನ್ನುವ ನಾನು, ಎಲ್ಲರೂ ತಾಟನ್ನು ಮಾತ್ರ ನೋಡಿಯೇ ಕೂರುತ್ತಿದ್ದೆವು. ಕಂಪನಿಯ ವಕೀಲರು ಇದನ್ನು ಮೂಢನಂಬಿಕೆ ಎಂದು ನಕ್ಕರಂತೆ. ಬಿಚ್ಚಿದ ಲಿಂಕಿಗೆ ಕೆಂಪು ಚೀಟಿ ಕಟ್ಟಬೇಕೆಂಬ ನಿಯಮವಿದೆ. ಚೀಟಿ ತರಿಸಿಕೊಡಿ ಎಂದು ಕೇಳಿ ಕೇಳಿ ಸಾಕಾಗಿ ವಿರೂಪಾಕ್ಷಿಯವರು ತಾಟು ಹುಡುಕಿದ್ದು. ನಗುವ ಮೊದಲು ಅದನ್ನೂ ಕೇಳಿಕೊಳ್ಳಬೇಕಿತ್ತು.

ಮಾರ್ಚ್ ಕೊನೆಯ ವಾರದಿಂದ ರೆಗ್ಯುಲೇಟರ್ ಕೆಟ್ಟಿತ್ತು. ಒಳಗಿನ ಒಂದು ಕಾರ್ಡು ಹೋಗಿತ್ತು. ಹೊಸದು ಬರುವವರೆಗೆ ಮಷೀನು ನಿಲ್ಲಿಸಬೇಕೆಂದು ನಾನು ಸಿದ್ದಲಿಂಗೇಶರಿಗೆ ಎರಡು ಸಲ ಹೇಳಿದೆ. ಅವರು ಮ್ಯಾನುವಲ್ಲಿಗೆ ಹಾಕಿ ಓಡಿಸಲು ಹೇಳಿದರು. ಮ್ಯಾನುವಲ್ ಎಂದರೆ ಆಪರೇಟರ್ ಮೀಟರಿನ ಮುಳ್ಳು ನೋಡುತ್ತಾ ಸ್ವಿಚ್ ತಿರುಗಿಸಿ ವೋಲ್ಟೇಜನ್ನು ಕೈಯಿಂದ ಹಿಡಿಯುವುದು. ಹಾಗಾಗಿ ಉಳಿದಿದ್ದ ಒಂದೇ ಆಸರೆ 59ನೇ ನಂಬರಿನ ರಿಲೇ.

ದಿನಾಂಕ 07-04-2025, ಸೋಮವಾರ, ಮಾಲೀಕರ ಬೀಗರು ಬರುವುದಿತ್ತು. ಮಾಲೀಕರ ಮಗಳನ್ನು ಆದೋನಿ ಕಡೆಯ ಮನೆತನಕ್ಕೆ ಕೊಡುವ ಮಾತು ಮುಗಿದಿತ್ತು, ಗಂಡಿನ ಕಡೆಯವರು ಮಿಲ್ಲು ಮತ್ತು ಕರೆಂಟಿನ ಮಷೀನು ನೋಡಲು ಬರುವವರಿದ್ದರು. ಹಿಂದಿನ ದಿನ ಭಾನುವಾರ ಸಂಜೆ ಅಂಗಳದ ಪೆಂಡಾಲಿಗೆ ದೀಪ, ಫ್ಯಾನು, ಕೂಲರು ಜೋಡಿಸಿ ತಾಲೀಮು ಮಾಡಿದರು. ಲೈನು ಒಂದು ಕ್ಷಣ ಕೈಕೊಟ್ಟಿತು. ವೋಲ್ಟೇಜು ಏರಿತು, ರಿಲೇ ಕತ್ತರಿಸಿತು. ಅರ್ಧ ತಾಸಿನ ನಂತರ ಇನ್ನೊಮ್ಮೆ ಹಾಗೆಯೇ ಆಯಿತು. ರಿಲೇ ತನ್ನ ಕೆಲಸ ಮಾಡಿತ್ತು. ಸಿದ್ದಲಿಂಗೇಶರು ಕಂಟ್ರೋಲ್ ರೂಮಿಗೆ ಬಂದು, "ಇದೇನವ್ವಾ ಇದು? ನಾಳಿ ಬೀಗರು ಹೋಳಿಗಿ ಬಾಯಿಗಿಟ್ಕಂಡಾಗ ಹಿಂಗ ಫ್ಯಾನು ನಿಂತ್ರ ನಮ್ಮ ಧಣಿ ಮಾರಿ ಎಲ್ಲಿ ಇಟ್ಕಬೇಕು?" ಎಂದು ಕೇಳಿದರು.

ರಿಲೇ ತಪ್ಪು ಮಾಡಿಲ್ಲ, ರೆಗ್ಯುಲೇಟರ್ ಕೆಟ್ಟಿದೆ, ನಾಳೆ ಮಷೀನನ್ನೇ ಬಂದ್ ಇಡಿ, ಪೆಂಡಾಲಿಗೆ ಹೊರಗಿನ ಲೈನಿನ ಕರೆಂಟು ಸಾಕು ಎಂದು ನಾನು ಹೇಳಿದೆ. ಅದಕ್ಕೆ ಅವರು, "ತಿರುಗೋ ಮಷೀನ್ ನೋಡಾಕ ಬರ್ತಾರ ಅವರು. ಬಂದ್ ಆಗಿದ್ದು ನೋಡಾಕ ಆದೋನಿಯಿಂದ ಇಲ್ಲಿತನಕ ಬರಬೇಕಾ? ಅಲ್ಲೇ ಬೇಕಾದಷ್ಟು ಅದಾವ," ಎಂದು ಹೇಳಿ ಸುತ್ತಲಿದ್ದವರನ್ನು ನಗಿಸಿದರು. ಅಲ್ಲದೆ ಹೆಣ್ಣು ಕೊಡುವ ಹೊತ್ತಿನಲ್ಲಿ ದೀಪ ಆರಿದರೆ ಅಪಶಕುನವೆಂದು ಮಾಲೀಕರ ಮನೆಯಲ್ಲಿ ಹೇಳಿದ್ದಾರೆಂದೂ ತಿಳಿಸಿದರು. ಮೂಢನಂಬಿಕೆ ಯಾವುದು ಎಂದು ವಕೀಲರು ಹುಡುಕುತ್ತಿದ್ದರೆ ಇಲ್ಲಿದೆ, ಬರೆದುಕೊಳ್ಳಲಿ.

59ರ ಲಿಂಕ್ ಬಿಚ್ಚಲು ನನಗೆ ಹೇಳಿದರು. ನಾನು ಬಿಚ್ಚುವುದಿಲ್ಲ ಎಂದೆ. "ಎರಡು ತಾಸಿನ ಮಾತು, ಊಟ ಮುಗುದು ಕೈ ತೊಳ್ಯೋತನಕ," ಎಂದರು. ಎರಡು ನಿಮಿಷದ ಮಾತಾದರೂ ಓಡುವ ಮಷೀನಿನಲ್ಲಿ ಬಿಚ್ಚುವುದಿಲ್ಲ ಎಂದೆ. ಸೋಮವಾರ ಬೆಳಿಗ್ಗೆ 9-30 ಗಂಟೆಗೆ, ನನ್ನ ಎದುರಿಗೇ, ಸಿದ್ದಲಿಂಗೇಶರು ತಮ್ಮ ಕೈಯಿಂದಲೇ ಲಿಂಕನ್ನು ಬಿಚ್ಚಿ ಕಿಸೆಗೆ ಹಾಕಿಕೊಳ್ಳಲು ಹೋದರು. ತಾಟಿನಲ್ಲಿ ಇಡಿ ಎಂದು ನಾನು ಜೋರು ಮಾಡಿದೆ. ಇಟ್ಟರು. ವಿಭೂತಿ ನಾನು ಹಚ್ಚಿದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಂಡದ್ದು ನಾನೊಬ್ಬಳೇ ಎಂಬುದು ಅವರಿಗೂ ಗೊತ್ತಿದೆ.

ನಾನು ಪ್ಯಾನೆಲ್ ಮುಂದೆಯೇ ಕೂರುತ್ತೇನೆ, ಊಟ ಮುಗಿದ ಕೂಡಲೇ ಲಿಂಕ್ ಹಾಕುತ್ತೇನೆ ಎಂದು ಹೇಳಿದೆ. ಕೂರಲು ಬಿಡಲಿಲ್ಲ. ಇಡೀ ಘಟಕದಲ್ಲಿ ಇಂಜಿನಿಯರುಗಳ ಪೈಕಿ ಹೆಂಗಸು ನಾನೊಬ್ಬಳೇ. ಬೀಗರ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಟ್ಟು, ಪನ್ನೀರು ಚಿಮುಕಿಸಿ ಒಳಗೆ ಕರೆತರಲು ನನ್ನನ್ನು ಗೇಟಿಗೆ ನಿಲ್ಲಿಸಿದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದು, ಏಳು ವರ್ಷ ಆ ಮಷೀನಿನ ಜೊತೆ ಹೆಣಗಿದ್ದು ಪನ್ನೀರುದಾನಿ ಹಿಡಿಯುವುದಕ್ಕೆ ಎಂದು ಅಂದು ತಿಳಿಯಿತು. ಬೆಳಗಿನ ಶಿಫ್ಟಿನ ಆಪರೇಟರನ್ನೂ ಬಿಡಲಿಲ್ಲ, ಲಿಂಕ್ ಬಿಚ್ಚುವ ಮೊದಲೇ ಎಲೆ ಹಾಕಲು, ಬಡಿಸಲು ಕಳಿಸಿದ್ದರು. ಆಪರೇಟರ್ ಕುರ್ಚಿಯಲ್ಲಿ ಅಳಿಯನಾಗುವವರನ್ನು ಕೂರಿಸಿ, ಕೈಗೆ ವೋಲ್ಟೇಜಿನ ಸ್ವಿಚ್ ಕೊಟ್ಟು ಫೋಟೋ ತೆಗೆದರು. ಆ ಹೊತ್ತಿನಲ್ಲಿ ಮೂವತ್ತಮೂರು ಸಾವಿರ ವೋಲ್ಟನ್ನು ಕಾಯುತ್ತಿದ್ದುದು ರೇಷ್ಮೆ ಜುಬ್ಬಾದ ಒಬ್ಬ ಮದುಮಗ.

ಮುಂದಿನದನ್ನು ನಾನು ಕಂಡಿಲ್ಲ. ಅಲ್ಲಿ ಕಸ ಗುಡಿಸುವ ಎರ್ರಮ್ಮ ನನಗೆ ಹೇಳಿದ್ದಾಳೆ. ಆಕೆಯ ಹೇಳಿಕೆಯನ್ನು ಆಕೆಯ ಬಾಯಿಂದಲೇ ಪಡೆಯಬೇಕೆಂದು ಕೋರುತ್ತೇನೆ. ಬೆಳಿಗ್ಗೆ ಸುಮಾರು 11-45 ಗಂಟೆಗೆ ಬೀಗಿತಿಯವರು ಕಂಟ್ರೋಲ್ ರೂಮಿನ ಬಸವಣ್ಣನಿಗೆ ಆರತಿ ಎತ್ತಲು ಬಂದರು. ತಾಟಿನಲ್ಲಿದ್ದ ಲಿಂಕನ್ನು ನೋಡಿ, "ಇದೇಂಟಂಡಿ, ದೇವುಡಿ ಪಳ್ಳೆಂಲೋ ಇನುಪ ಮುಕ್ಕ?" ಎಂದರಂತೆ. ದೇವರ ತಾಟಿನಲ್ಲಿ ಕಬ್ಬಿಣದ ತುಂಡು ಏಕೆ ಎಂದು ಕೇಳಿದ್ದು. ಅದು ಕಬ್ಬಿಣವಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದ ಒಬ್ಬರು ಸಿದ್ದಲಿಂಗೇಶರು, ಅವರು ಬೀಗಿತಿಯ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದರು. ಅವರು ಎರ್ರಮ್ಮನನ್ನು ಕರೆದು ತಾಟು ಬೆಳಗಿ ತರಲು, ಹಳೇ ಹೂವೆಲ್ಲ ತೆಗೆಯಲು ಹೇಳಿದರು. ಎರ್ರಮ್ಮ ಲಿಂಕನ್ನು ತೋರಿಸಿ, "ಇದು ಕರಿ ಗುಂಡೀದು ಐತಲ್ರಿ ಸಾರ್, ಇದನ್ನ ಮುಟ್ಟಬ್ಯಾಡ ಅಂತಾರ ಎಲ್ಲಾರೂ, ಏನ್ ಮಾಡ್ಲಿ?" ಎಂದು ಕೇಳಿದಳು. ಅದಕ್ಕೆ ಅವರು, "ಎಲ್ಲಾ ಬಳಕೊಂಡು ಹೋಗಲೇ, ಅವರ ಮುಂದ ನನ್ನ ಪ್ರಶ್ನಿ ಕೇಳ್ತಾ ನಿಂದ್ರಬ್ಯಾಡ," ಎಂದು ಗದರಿದರು.

ದೇವರ ಮುಂದಿನ ಹೂವನ್ನು ಕಸದಲ್ಲಿ ಹಾಕುವ ಪದ್ಧತಿ ನಮ್ಮ ಕಡೆ ಇಲ್ಲ, ಕಾಲುವೆಗೆ ಬಿಡುತ್ತೇವೆ. ತಾಟಿನಲ್ಲಿದ್ದದ್ದು ದೇವರಿಗೆ ಸೇರಿದ್ದು ಎಂದುಕೊಂಡು ಎರ್ರಮ್ಮ ಹೂವು, ಪತ್ರಿ, ಲಿಂಕು ಎಲ್ಲವನ್ನೂ ಮೊರದಲ್ಲಿ ತುಂಬಿಕೊಂಡು ಹೋಗಿ, ಘಟಕದ ಹಿಂದಿನ ಕಾಲುವೆಯ ಮೆಟ್ಟಿಲ ಮೇಲೆ ನಿಂತು ನೀರಿಗೆ ಬಿಟ್ಟು ಕೈ ಮುಗಿದು ಬಂದಳು. ಆಕೆಯನ್ನೂ ಆರೋಪಿ ಮಾಡುವ ಮಾತು ಕಂಪನಿಯಲ್ಲಿ ನಡೆದಿದೆ ಎಂದು ಕೇಳಿದ್ದೇನೆ. ಆಕೆ ಕೇಳಿದಳು. ಆ ದಿನ ಘಟಕದವರ ಪೈಕಿ ಆ ಲಿಂಕಿನ ಬಗ್ಗೆ ಬಾಯಿಬಿಟ್ಟು ಕೇಳಿದವರು ನಾವಿಬ್ಬರೇ, ಇಬ್ಬರನ್ನೂ ಗದರಿಸಿ ಕಳಿಸಿದರು.

ಮಧ್ಯಾಹ್ನ 1-15 ಗಂಟೆಗೆ ಊಟ ಮುಗಿಯಿತು. ನಾನು ಕಂಟ್ರೋಲ್ ರೂಮಿಗೆ ಹೊರಟೆ. ಬೀಗರ ಹೆಣ್ಣುಮಕ್ಕಳು ಕುರುಗೋಡಿನ ದೊಡ್ಡಬಸಪ್ಪನ ಗುಡಿಗೆ ಹೋಗಬೇಕೆಂದರು, ನಾನೇ ಜೊತೆಗೆ ಹೋಗಬೇಕೆಂದು ಮಾಲೀಕರು ಸ್ವತಃ ಹೇಳಿದರು. ಲಿಂಕ್ ಹಾಕಿ ಬರುತ್ತೇನೆ, ಎರಡೇ ನಿಮಿಷ ಎಂದೆ. "ಗಾಡಿ ಸ್ಟಾರ್ಟ್ ಮಾಡಿ ನಿಂತಾರ, ಹತ್ತವ್ವಾ, ಸಿದ್ದಲಿಂಗೇಶ್ ಏನು ಸಣ್ಣ ಹುಡುಗನಾ?" ಎಂದರು. ಕಾರಿನ ಬಾಗಿಲು ಹಿಡಿದು ನಿಂತಿದ್ದ ಸಿದ್ದಲಿಂಗೇಶರು ಹಾಕುತ್ತೇನೆ ಎಂದು ತಲೆ ಆಡಿಸಿದರು.

ತಿಪ್ಪೇಶನ ಶಿಫ್ಟು 2 ಗಂಟೆಗೆ ಶುರು. ಮ್ಯಾನೇಜರೊಬ್ಬರನ್ನು ಬಿಟ್ಟು ಕಂಟ್ರೋಲ್ ರೂಮಿಗೆ ಹೋಗುವವರೆಲ್ಲ ಮೊಬೈಲನ್ನು ಗೇಟಿನಲ್ಲಿ ಕೊಟ್ಟು ಹೋಗಬೇಕು, ಹಾಗಾಗಿ ಆತನಿಗೆ ಫೋನು ಮಾಡಲು ಆಗುತ್ತಿರಲಿಲ್ಲ. ನಾನು ಗುಡಿಯ ಅಂಗಳದಿಂದ 2-20 ಗಂಟೆಗೆ ಸಿದ್ದಲಿಂಗೇಶರಿಗೆ ಫೋನು ಮಾಡಿದೆ. ಲಿಂಕ್ ಹಾಕಿದಿರಾ ಎಂದು ಕೇಳಿದೆ. ಆಚೆಯಿಂದ ಗದ್ದಲವಿತ್ತು, ನಗುತ್ತಿದ್ದರು. ತಾಟು ನೋಡಿ ಹೇಳಿ ಎಂದೆ. ಕಂಟ್ರೋಲ್ ರೂಮಿನ ಬಾಗಿಲು ತೆರೆದ ಸದ್ದು ಕೇಳಿಸಿತು. "ತಾಟು ಖಾಲಿ ಐತೆವ್ವಾ," ಎಂದರು.

ತಾಟು ಖಾಲಿ ಎಂದರೆ ಲಿಂಕ್ ತನ್ನ ಜಾಗದಲ್ಲಿದೆ ಎಂದು. ಏಳು ವರ್ಷದಿಂದ ಅದಕ್ಕೆ ಬೇರೆ ಅರ್ಥ ಇರಲಿಲ್ಲ. ನಾನು ನಂಬಿ ಫೋನು ಇಟ್ಟೆ. ಅವರು ಹೇಳಿದ್ದು ನಿಜ, ತಾಟು ಖಾಲಿಯೇ ಇತ್ತು. ಖಾಲಿ ಮಾಡಿಸಿದವರೂ ಅವರೇ, ಯಾಕೆ ಖಾಲಿಯಾಯಿತೆಂದು ಗೊತ್ತಿದ್ದವರೂ ಅವರೇ. ಪ್ಯಾನೆಲ್ಲಿನತ್ತ ಒಮ್ಮೆ ತಲೆ ಎತ್ತಿ ನೋಡಿದ್ದರೆ ಸಾಕಾಗಿತ್ತು. ಇಂಥ ನಿಜ ಸುಳ್ಳಿಗಿಂತ ಕೆಟ್ಟದ್ದು.

ತಿಪ್ಪೇಶನೂ ಅದನ್ನೇ ನಂಬಿದ. ಇಲ್ಲಿಂದ ಮುಂದೆ ಕಂಟ್ರೋಲ್ ರೂಮಿನಲ್ಲಿ ನಡೆದದ್ದು ಆತ ಹೆಂಡತಿಗೆ ಹೇಳಿ, ಆಕೆಯಿಂದ ನಾನು ಕೇಳಿದ್ದು. ಕೆಲಸ ಒಪ್ಪಿಸುವವರಿಲ್ಲ, ಬೆಳಗಿನ ಆಪರೇಟರ್ ಪೆಂಡಾಲಿನಲ್ಲಿ ಎಲೆ ಎತ್ತುತ್ತಿದ್ದ. ತಿಪ್ಪೇಶ ತಾಟು ನೋಡಿದ, ಫಳಫಳ ಹೊಳೆಯುತ್ತಾ ಖಾಲಿ ಇತ್ತು. ಕೂತ.

3-05 ಗಂಟೆಗೆ ಬಿರುಗಾಳಿ ಎದ್ದಿತು. ನಾವು ಕುರುಗೋಡಿನಿಂದ ಹೊರಟಿದ್ದೆವು, ಕಾರಿನ ಗಾಜಿಗೆ ಹೊಟ್ಟಿನ ಧೂಳು ಬಡಿಯುತ್ತಿತ್ತು. ಸುಮಾರು 3-10 ಗಂಟೆಗೆ ಲೈನು ಕಡಿಯಿತು. ಮಷೀನಿನ ಹೊರೆ ತಪ್ಪಿ ವೋಲ್ಟೇಜು ಏರಿತು. ಮ್ಯಾನುವಲ್ಲಿನಲ್ಲಿದ್ದ ರೆಗ್ಯುಲೇಟರ್ ಸುಮ್ಮನೆ ಇತ್ತು. 59ರ ದೀಪ ಕೆಂಪಾಯಿತು, ಸೈರನ್ ಕೂಗಿತು. ಕತ್ತರಿಸಲಿಲ್ಲ. ತಿಪ್ಪೇಶ ಸ್ವಿಚ್ ತಿರುಗಿಸಿ ವೋಲ್ಟೇಜನ್ನು ಇಳಿಸಲು ನೋಡಿದ. ಈಗ ಕತ್ತರಿಸುತ್ತದೆ, ಈಗ ಕತ್ತರಿಸುತ್ತದೆ ಎಂದು ಕಾದದ್ದು ಬಹಳವೆಂದರೆ ನಾಲ್ಕೈದು ಉಸಿರು. ಆಮೇಲೆ ತಾನೇ ಎದ್ದು ಬ್ರೇಕರಿನ ಗುಂಡಿ ಒತ್ತಿ ಮಷೀನನ್ನು ಕೈಯಿಂದ ಬಿಡಿಸಿದ. ಅಷ್ಟರಲ್ಲಿ ಅಂಗಳದ ಟ್ರಾನ್ಸ್‌ಫಾರ್ಮರಿನ ತಲೆಯ ಮೇಲಿನ ಪಿಂಗಾಣಿ ಬುಶಿಂಗ್ ಸಿಡಿದು ಎಣ್ಣೆಗೆ ಬೆಂಕಿ ಹತ್ತಿತ್ತು.

ಆತ ಪ್ಯಾನೆಲ್ ಬಿಟ್ಟು ಓಡಿದ್ದು ನಿಜ, ಬಾಗಿಲುಗಳತ್ತ ಮುಖ ಮಾಡಿದ ಕ್ಯಾಮೆರಾದಲ್ಲಿ ಇದೆ, ಪ್ಯಾನೆಲ್ಲಿನ ಮುಖ ಅದಕ್ಕೆ ಕಾಣುವುದಿಲ್ಲ. ಕಂಪನಿಯವರು ಆ ಭಾಗವನ್ನೇ ತಮಗೆ ತೋರಿಸಿದ್ದಾರೆ. ಎತ್ತ ಓಡಿದ ಎಂದೂ ನೋಡಬೇಕೆಂದು ಕೋರುತ್ತೇನೆ. ಕಂಟ್ರೋಲ್ ರೂಮಿಗೆ ಎರಡು ಬಾಗಿಲು. ಪಶ್ಚಿಮದ್ದು ಗೇಟಿಗೆ, ರಸ್ತೆಗೆ, ಮನೆಗೆ ಹೋಗುತ್ತದೆ. ಪೂರ್ವದ್ದು ಟ್ರಾನ್ಸ್‌ಫಾರ್ಮರಿನ ಅಂಗಳಕ್ಕೆ ಹೋಗುತ್ತದೆ. ತಿಪ್ಪೇಶ ಪೂರ್ವದ ಬಾಗಿಲಿನಿಂದ ಓಡಿದ. ಬೆಂಕಿ ನಂದಿಸುವ ನೀರಿನ ವಾಲ್ವು ಟ್ರಾನ್ಸ್‌ಫಾರ್ಮರಿನಿಂದ ಹದಿನೈದು ಅಡಿ ದೂರದಲ್ಲಿದೆ. ಅದನ್ನು ತಿರುಗಿಸುವಾಗ ಮೈಮೇಲೆ ಎಣ್ಣೆ ಸಿಡಿಯಿತು. ವಾಲ್ವು ಪೂರ್ತಿ ತಿರುಗಿಸಿದ ಮೇಲೆ ಬಿದ್ದ. ಆ ನೀರು ಬಿಡದಿದ್ದರೆ ಪಕ್ಕದ ಹೊಟ್ಟಿನ ರಾಶಿ ಹೊತ್ತಿ, ಮಿಲ್ಲಿನ ಜೊತೆ ಪೆಂಡಾಲೂ ಬೀಗರೂ ಹೋಗುತ್ತಿದ್ದರು. ಪಶ್ಚಿಮದ ಕಡೆಗೆ ಓಡಿದವರು ಯಾರು ಯಾರು ಎಂಬುದೂ ಅದೇ ಕ್ಯಾಮೆರಾದಲ್ಲಿದೆ. ಸಿದ್ದಲಿಂಗೇಶರ ಒಂದು ಚಪ್ಪಲಿ ಮರುದಿನವೂ ಗೇಟಿನ ಬಳಿ ಬಿದ್ದಿತ್ತು.

ನಾನು 3-25ಕ್ಕೆ ತಲುಪಿದೆ. ತಿಪ್ಪೇಶನನ್ನು ಬಳ್ಳಾರಿಗೆ ಸಾಗಿಸಲು ಬೀಗರ ಕಾರು ಕೇಳಿದೆವು, ಸೀಟು ಹಾಳಾಗುತ್ತದೆಂದು ಡ್ರೈವರ್ ಹಿಂದೆ ಮುಂದೆ ನೋಡಿದ. ಅದೇ ಬೀಗಿತಿಯವರು ಕಾರಿನಿಂದ ತಾವಿಳಿದು, "ಮುಂದು ಆ ಮನಿಷಿನಿ ಎಕ್ಕಿಂಚಂಡ್ರಾ," ಅಂದರೆ ಮೊದಲು ಆ ಮನುಷ್ಯನನ್ನು ಹತ್ತಿಸಿರೋ, ಎಂದು ಡ್ರೈವರಿಗೆ ಬೈದು ತಿಪ್ಪೇಶನನ್ನು ಹತ್ತಿಸಿದರು. ಇದನ್ನೂ ಹೇಳುವುದು ನನ್ನ ಧರ್ಮ, ಹೇಳಿದ್ದೇನೆ.

ದಿನಾಂಕ 08-04-2025ರಂದು ಬೆಳಿಗ್ಗೆ ನಾನು ಕಂಟ್ರೋಲ್ ರೂಮಿಗೆ ಹೋದಾಗ 59ರ ಜಾಗದಲ್ಲಿ ಒಂದು ಲಿಂಕ್ ಇತ್ತು. ಉಳಿದವೆಲ್ಲ ಹಳೆಯವು, ಮಬ್ಬಾಗಿ, ಗುಂಡಿಯ ಮೇಲೆ ಬಿಳಿ ನಂಬರು ಹೊತ್ತು ನಿಂತಿದ್ದವು. ಇದೊಂದು ಹೊಸದು, ನಂಬರಿಲ್ಲ, ಸ್ಟೋರಿನ ಗ್ರೀಸಿನ್ನೂ ಹೋಗಿರಲಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿಗಳಿಗೆ ಎಲ್ಲ ಲಿಂಕುಗಳೂ ಜಾಗದಲ್ಲಿಯೇ ಇದ್ದವು ಎಂದು ತೋರಿಸಿದರು. ಲಿಂಕ್ ಇತ್ತು, ರಿಲೇ ಇತ್ತು, ಹಾಗಾದರೆ ತಪ್ಪು ಆಪರೇಟರನದೇ. ಒಬ್ಬ ಮನುಷ್ಯನ ಕೈ ಇನ್ನೂ ಬೇಯುತ್ತಿರುವಾಗ ಸ್ಟೋರಿನಿಂದ ಹೊಸ ಲಿಂಕ್ ತರಿಸಿ, ನಟ್ಟು ಬಿಗಿಯುವಷ್ಟು ತಣ್ಣಗಿನ ತಲೆ ಅವರಿಗೆ ಎಲ್ಲಿಂದ ಬಂತೆಂದು ತಾವೇ ವಿಚಾರಿಸಬೇಕು.

10ನೇ ತಾರೀಖು ಆಸ್ಪತ್ರೆಗೆ ಹೋದೆ. ತಿಪ್ಪೇಶನ ಹೆಂಡತಿ ಜಂಬಮ್ಮ ಬಾಗಿಲಲ್ಲಿ ಕೂತಿದ್ದಳು. ಹಿಂದಿನ ದಿನ ಸಿದ್ದಲಿಂಗೇಶರು ಬಂದು, ತಪ್ಪಾಯಿತೆಂದು ಗಂಡನ ಬಾಯಿಂದ ಒಂದು ಮಾತು ಹೇಳಿಸಿದರೆ ಧಣಿಗಳು ದೊಡ್ಡ ಮನಸ್ಸು ಮಾಡುತ್ತಾರೆ ಎಂದರಂತೆ. ಅದಕ್ಕೆ ನೀನು ಏನಂದೆ ಎಂದು ಆಕೆಯನ್ನು ಕೇಳಿದೆ. "ಅವನ ಕೈ ಸುಟ್ಟಾವ್ರಿ, ನಾಲಗಿ ಸುಟ್ಟಿಲ್ಲ. ತಪ್ಪು ಮಾಡಿದ್ರ ಅವನ ಹೇಳ್ತಾನ, ನೀವ್ಯಾಕ ಹೇಳಿಕೊಡ್ತೀರಿ ಅಂದೆ. ತಂದಿದ್ದ ಮೋಸಂಬಿನೂ ವಾಪಸ್ ಕೊಟ್ಟು ಕಳಿಸೀನಿ," ಎಂದಳು.

ಒಳಗೆ ತಿಪ್ಪೇಶ ನನ್ನ ದನಿ ಗುರುತು ಹಿಡಿದ. ನೋವಿನ ಮಾತಾಡಲಿಲ್ಲ, ದೂರಿನ ಮಾತೂ ಆಡಲಿಲ್ಲ. "ಮೇಡಮ್ಮಾರ, ನಾ ತಾಟು ನೋಡೇ ಕುಂತಿದ್ದೆ. ಖಾಲಿ ಇತ್ತು. ಇತ್ತಲ್ರೀ?" ಎಂದ. ಮೂರು ದಿನದಿಂದ ಆತ ಹೆಂಡತಿಯನ್ನೂ ನರ್ಸನ್ನೂ ಅದನ್ನೇ ಕೇಳುತ್ತಿದ್ದಾನಂತೆ. ತನ್ನ ಕಣ್ಣೇ ತಪ್ಪಿತೇನೋ ಎಂಬ ಅನುಮಾನ ಆತನಿಗೆ ಹತ್ತಿಸಿಬಿಟ್ಟಿದ್ದಾರೆ. ಚರ್ಮ ಸುಟ್ಟದ್ದಕ್ಕಿಂತ ಅದು ಆತನನ್ನು ಸುಡುತ್ತಿದೆ. ತಾಟು ಹೇಗೆ ಖಾಲಿಯಾಯಿತೆಂದು ನನಗೂ ಆಗ ಗೊತ್ತಿರಲಿಲ್ಲ. ತಾಟಿನಲ್ಲಿ ಲಿಂಕ್ ಇಟ್ಟು ವಿಭೂತಿ ಹಚ್ಚಿದವಳು ನಾನೇ.

ಕಂಟ್ರೋಲ್ ರೂಮು ಗುಡಿಸುವವಳು ಆಕೆಯೇ ಎಂದು, ಅಲ್ಲಿಂದ ಬಂದು ಎರ್ರಮ್ಮನ ಮನೆಗೆ ಹೋದೆ. ಬೀಗರ ಆರತಿಯ ಸಂಗತಿ ನನಗೆ ತಿಳಿದದ್ದು ಆಗಲೇ. ಕಾಲುವೆಗೆ ಅದೇ ದಿನ ನೀರು ಬಂದ್ ಮಾಡಿದ್ದರು, ತಳ ಕಾಣಲು ಮೂರು ದಿನ ಬೇಕಾಯಿತು. ದಿನಾಂಕ 13-04-2025ರಂದು ಭಾನುವಾರ ಬೆಳಿಗ್ಗೆ 8 ಗಂಟೆಗೆ ನಾನು ಮತ್ತು ಎರ್ರಮ್ಮ ಕಾಲುವೆಗೆ ಇಳಿದೆವು. ಮರುದಿನ ಹೂಳೆತ್ತಲು ಜೆಸಿಬಿ ಬರುವುದಿತ್ತು, ಆದ್ದರಿಂದ ತಮಗೆ ತಿಳಿಸಿ ಬರುವವರೆಗೆ ಕಾಯಲಿಲ್ಲ. ಮೆಟ್ಟಿಲ ಕೆಳಗೆ ಮೊಣಕಾಲುದ್ದ ಕೆಸರು, ಅದರಲ್ಲಿ ಒಡೆದ ದೇವರ ಪಟಗಳು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ಕು, ಬಣ್ಣ ಬಿಟ್ಟ ಕುಪ್ಪಸದ ಕಣ. ದಂಡೆಯ ಮೇಲೆ ಕುರಿ ಬಿಟ್ಟುಕೊಂಡಿದ್ದ ಹನುಮೇಶ್ ಎಂಬುವವರು, "ಏನು ಹುಡುಕ್ತೀರವ್ವಾ, ಬಂಗಾರದ ಸರ ಬಿದ್ದೈತೇನು?" ಎಂದು ಕೇಳಿದರು. ಎರ್ರಮ್ಮ ತಲೆ ಎತ್ತದೆ, "ಬಂಗಾರ ಆಗಿದ್ರ ಇಷ್ಟೊತ್ತಿಗಿ ಧಣಿನ ಇಳಿದಿರ್ತಿದ್ದ ಕೆಸರಿಗಿ. ನೀ ಬಾ, ಕೈ ಹಾಕು," ಎಂದಳು. ಅವರೂ ಇಳಿದರು.

ಹೂವು ನೀರಿನ ಜೊತೆ ಹೋಗುತ್ತದೆ, ಹಿತ್ತಾಳೆ ಹೋಗುವುದಿಲ್ಲ. ಕೊನೆಯ ಮೆಟ್ಟಿಲಿನಿಂದ ಎರಡು ಮೊಳ ದೂರದಲ್ಲಿ, ಒಂದು ತೆಂಗಿನ ಚಿಪ್ಪಿನ ಮಗ್ಗುಲಲ್ಲಿ, ಕರಿ ಗುಂಡಿ ಮೇಲಾಗಿ ಸಿಕ್ಕಿತು. ಎತ್ತುವ ಮೊದಲು ಫೋಟೋ ತೆಗೆದೆ. ಎರ್ರಮ್ಮನೂ ಹನುಮೇಶರೂ ನೋಡಿದ್ದಾರೆ. ತೊಳೆದಾಗ ಗುಂಡಿಯ ಮೇಲೆ ಬಿಳಿ ಬಣ್ಣದ 59 ಹಾಗೆಯೇ ಇತ್ತು. ನಂಬರು ತನ್ನ ಕೈಬರಹವೇ ಎಂದು ವಿರೂಪಾಕ್ಷಿಯವರು ಹೇಳಲು ಸಿದ್ಧರಿದ್ದಾರೆ. ಹಳೆಯ ಲಿಂಕ್ ಕಾಲುವೆಯ ಕೆಸರಿನಲ್ಲಿತ್ತು ಎಂದಾದರೆ ಬೆಂಕಿ ಬಿದ್ದ ಹೊತ್ತಿನಲ್ಲಿ ಪ್ಯಾನೆಲ್ಲಿನ ಮೇಲೆ ಏನೂ ಇರಲಿಲ್ಲ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ.

14ನೇ ತಾರೀಖು ರಾತ್ರಿ ಊಟದ ಹೊತ್ತಿಗೆ ಸಿದ್ದಲಿಂಗೇಶರು ನನಗೆ ಫೋನು ಮಾಡಿದರು. ಕೆಸರಿಗೆ ಇಳಿದ ಸುದ್ದಿ ಮುಟ್ಟಿತ್ತು. ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತುವುದು ಚೆನ್ನಾಗಿರುವುದಿಲ್ಲ, ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ, ಯೋಚಿಸು ಎಂದರು. ನಾನು ಅವರಿಗೆ, "ಬೀಗರಿಗೆ ಕುಂಕುಮ ಹಚ್ಚಾಕ ಅವತ್ತು ಹೆಣ್ಮಗಳಾಗಿದ್ದೆ ಸಾರ್. ಇವತ್ತು ಇಂಜಿನಿಯರ್ ಅದೀನಿ," ಎಂದು ಹೇಳಿದೆ. ನನ್ನ ತಂದೆ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರು. ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು ಎಂದು ಮಾತ್ರ ಕೇಳಿದರು.

ಸದರಿ ಲಿಂಕನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಈ ಹೇಳಿಕೆಯ ಜೊತೆ ಹಾಜರುಪಡಿಸುತ್ತಿದ್ದೇನೆ. ಪಂಚರ ಮುಂದೆ ಪಡೆದುಕೊಂಡು, ಪ್ಯಾನೆಲ್ಲಿನ ಹೊಸ ಲಿಂಕನ್ನೂ ವಶಪಡಿಸಿಕೊಂಡು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಕೆಟ್ಟ ರೆಗ್ಯುಲೇಟರಿನ ಮೇಲೆ ಮಷೀನು ಓಡಿಸಿದವರ, ಕಾವಲು ಬಿಚ್ಚಿದವರ, ಬಿಚ್ಚಿಸಿದವರ, ಬಿಚ್ಚಿದ್ದನ್ನು ಮುಚ್ಚಲು ಹೊಸದು ಬಿಗಿದವರ ಮೇಲೆ ಕ್ರಮ ಜರುಗಿಸಿ, ತಿಪ್ಪೇಶನ ಹೆಸರನ್ನು ಆರೋಪಿಯ ಜಾಗದಿಂದ ತೆಗೆಯಬೇಕು. ಇನ್ನೊಂದು ಕೋರಿಕೆ ಇದೆ. ತಾವು ಆತನ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದಾಗ, ತಾವು ಪ್ರಶ್ನೆ ಕೇಳುವ ಮೊದಲೇ ಆತ ತಮಗೊಂದು ಪ್ರಶ್ನೆ ಕೇಳುತ್ತಾನೆ. ತಾಟು ಖಾಲಿ ಇತ್ತಲ್ರೀ ಎನ್ನುತ್ತಾನೆ. ಇತ್ತು ಎಂದು ಹೇಳಿ. ನಾನು ಹೇಳಿದರೆ ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಳ್ಳುತ್ತಾನೆ. ತಾವು ಖಾಕಿ ಬಟ್ಟೆಯಲ್ಲಿ ನಿಂತು ಹೇಳಬೇಕು.

ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಹೇಳಿದ್ದೇನೆ. ಬರೆದದ್ದನ್ನು ನಾನೇ ಓದಿಕೊಂಡೆ, ಸರಿಯಾಗಿದೆ. ಒತ್ತಡಕ್ಕೆ ಮಣಿದು ಹೇಳಿದ್ದಲ್ಲ. ಒತ್ತಡ ಬಂದದ್ದು ಹೇಳಬೇಡವೆಂದು.

ಸ್ಥಳ: ಕುರುಗೋಡು
ದಿನಾಂಕ: 15-04-2025

ಸಹಿ
ಗಂಗೋತ್ರಿ
ಶಿಫ್ಟ್ ಇಂಜಿನಿಯರ್